ನೋಯದ ಗಾಯ

ಸೋಯಾ ರಾಶಿ ಮುಗಿದು ಒಂದು ವಾರವಾಗಿತ್ತು. ಮಧ್ಯಾಹ್ನ ಅಣ್ಣ ಚಿಂತಾಕಿಯಿಂದ ಫೋನ್ ಮಾಡಿದ.

"ನಿಮ್ಮ ವೈನಿಗಿ ಮೂರು ದಿನಾ ಆತು, ಜ್ವರಾ ಬಿಡವಲ್ದು. ಔರಾದಿನ್ಯಾಗ ತೋರ್ಸಿದ್ವಿ. ಗುಳಿಗಿ ತಗೊಂಡ್ರ ಎರಡು ತಾಸು ಕಮ್ಮಿ ಆಗ್ತದ, ಮತ್ತ ಏರ್ತದ."

ಹಿಂದಿನಿಂದ ವೈನಿಯ ದನಿ ಕೇಳಿತು: "ಆಕಿಗ್ಯಾಕ ಹೇಳ್ತೀರಿ? ಸುಮ್ನ ಗಾಬ್ರಿ ಆಗ್ತಾಳ."

ಆ ದನಿ ಕೇಳಿಯೇ ನನಗೆ ಗಾಬರಿಯಾಯಿತು. ವೈನಿ ಮಾತಾಡಿದರೆ ಎರಡು ಮನೆ ಆಚೆ ಕೇಳಬೇಕು. ಅಂದು ಆಕೆಯ ದನಿ ಬಾಯೊಳಗೇ ಉಳಿದುಹೋಗಿತ್ತು. "ನಾಳೆ ಮುಂಜಾನಿ ಮೊದಲ್ನೇ ಬಸ್ಸಿಗೇ ಕರಕೊಂಡು ಬಾ ಅಣ್ಣಾ," ಅಂದೆ.

ನಾನು ನಾಲ್ಕು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಎರಡು ವರ್ಷಕ್ಕೆ ಅಣ್ಣನ ಮದುವೆಯಾಯಿತು. ಭಾತಂಬ್ರಾದಿಂದ ವೈನಿ ನಮ್ಮ ಮನೆಗೆ ಸೊಸೆಯಾಗಿ ನಡೆಯಲು ಬಂದಾಗ ಆಕೆಗೆ ಹತ್ತೊಂಬತ್ತು. ಬಂದ ಮೂರನೇ ದಿನ ನನ್ನನ್ನು ಅಂಗಳದಲ್ಲಿ ಕೂರಿಸಿ, ಮೊಣಕಾಲ ನಡುವೆ ನನ್ನ ತಲೆ ಒತ್ತಿ ಹಿಡಿದು, ಇಡೀ ಬೆಳಗು ಹೇನು ತೆಗೆದಳು. ನಾನು ಅತ್ತೆ, ಒದ್ದೆ, ಆಕೆಯ ಕೈ ಕಚ್ಚಿದೆ. ಆಕೆ ಬಿಡಲಿಲ್ಲ. ನನಗೆ ನೆನಪಿರುವ ಮೊದಲ ತಾಯಿತನ ಅದೇ.

ಊರಿನ ಸಾಲೆ ಮುಗಿದ ಮೇಲೆ ನನ್ನನ್ನು ಓದಿಸುವುದು ಬೇಡವೆಂದು ಅಣ್ಣನಿಗೆ ನಾಲ್ಕು ಮಂದಿ ಹೇಳಿದರು. ವೈನಿ ಒಬ್ಬಳೇ ಎದುರು ನಿಂತಳು. ನನ್ನನ್ನು ತನ್ನ ತವರುಮನೆಗೆ ಕಳಿಸಿದಳು. ಭಾತಂಬ್ರಾದಲ್ಲಿ ಆಕೆಯ ಅವ್ವನ ಕೈಯ ರೊಟ್ಟಿ ತಿಂದು, ದಿನಾ ಭಾಲ್ಕಿಗೆ ಬಸ್ಸಿನಲ್ಲಿ ಹೋಗಿಬಂದು ನಾನು ರಕ್ತ ಪರೀಕ್ಷೆಯ ಕೆಲಸ ಕಲಿತೆ. ಆಮೇಲೆ ಬೀದರಿನ ಹಳೇ ಊರಿನ ಹತ್ತಿರ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಮದುವೆಯೂ ಆಯಿತು, ಅಲ್ಲೇ ಎರಡು ಕೋಣೆಯ ಬಾಡಿಗೆ ಮನೆ ಮಾಡಿದೆವು. ಊರಿಗೆ ಹೋದಾಗಲೆಲ್ಲ ವೈನಿ ಓಣಿಯ ಹೆಂಗಸರಿಗೆ ಹೇಳುತ್ತಿದ್ದಳು: "ನಮ್ಮಾಕಿ ಒಂದು ಹನಿ ರಕ್ತಾ ನೋಡಿ ಏನು ಬ್ಯಾನಿ ಅದಂತ ಹೇಳ್ತಾಳ." ಅದು ಅಷ್ಟು ಸರಳವಲ್ಲ ಎಂದು ನಾನು ಎಷ್ಟು ಹೇಳಿದರೂ ಆಕೆ ನಂಬುತ್ತಿರಲಿಲ್ಲ.

ಮರುದಿನ ಬಂದಳು. ಕಣ್ಣು ಕೆಂಪಾಗಿದ್ದವು. ತಲೆಗೆ ಸೆರಗು ಬಿಗಿಯಾಗಿ ಕಟ್ಟಿಕೊಂಡಿದ್ದಳು. "ತಲಿಯೊಳಗ ಒನಕಿಲೆ ಕುಟ್ಟಿದಂಗ ಆಗ್ಲಿಕತ್ತದ," ಅಂದಳು. ನಾನೇ ಆಕೆಯ ತೋಳಿನಿಂದ ರಕ್ತ ತೆಗೆದೆ. ಮಲೇರಿಯಾ ನೋಡಿದೆ, ಇರಲಿಲ್ಲ. ಡೆಂಗಿ ನೋಡಿದೆ, ಇರಲಿಲ್ಲ. ಆಮೇಲೆ ಟೈಫಾಯ್ಡಿನ ಪರೀಕ್ಷೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಹಾಕಿ ಔಷಧಿ ಕಲಸಿ ಮೆಲ್ಲಗೆ ಅಲುಗಿಸಬೇಕು. ಹಾಲು ಒಡೆದ ಹಾಗೆ ಸಣ್ಣ ಸಣ್ಣ ಕಾಳು ಕಟ್ಟಿದರೆ ಇದೆ ಅಂತ. ವೈನಿಯ ಹನಿ ಸ್ವಲ್ಪವೇ ಒಡೆಯಿತು. ನಮ್ಮ ಕಡೆ ಹಿಂದೆ ಎಂದೋ ಟೈಫಾಯ್ಡ್ ಆಗಿ ಹೋದವರ ರಕ್ತವೂ ಹೀಗೆ ಸ್ವಲ್ಪ ಒಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ "ಇದೆ" ಎಂದು ಬರೆದೆ. ಏನೋ ಒಂದು ಸಿಕ್ಕಿತಲ್ಲ ಎಂಬ ಸಮಾಧಾನ ಕೈಯನ್ನು ಬರೆಸಿತು. ನಾನು ಬರೆದದ್ದನ್ನು ಬೀದರಿನ ದವಾಖಾನೆಯ ಡಾಕ್ಟರು ನಂಬಿದರು. ಅದೇ ಸಂಜೆಯಿಂದ ಇಂಜೆಕ್ಷನ್ ಶುರುವಾಯಿತು.

ವೈನಿ ನಮ್ಮ ಮನೆಯಲ್ಲೇ ಉಳಿದಳು. ಐದನೇ ದಿನ ಹೋಯಿತು, ಆರನೇ ದಿನ ಹೋಯಿತು. ಇಂಜೆಕ್ಷನ್ ಹೋಗುತ್ತಿತ್ತು, ಜ್ವರ ಮಾತ್ರ ಇದ್ದಲ್ಲೇ ಇತ್ತು. ಒಣ ಕೆಮ್ಮು ಹತ್ತಿಕೊಂಡಿತು. ಎಂಟನೇ ದಿನ ನಾನು ಗಂಜಿ ಹಿಡಿದುಕೊಂಡು ಹತ್ತಿರ ಹೋದರೆ ನನ್ನ ಮುಖವನ್ನು ದಿಟ್ಟಿಸಿ ನೋಡಿ, "ಅವ್ವಾ, ಭಾತಂಬ್ರಾಕ್ಕ ಹೋಗಮು ನಡಿ," ಅಂದಳು. ಆಕೆ ನನ್ನನ್ನು ತನ್ನ ತಾಯಿ ಎಂದುಕೊಂಡಿದ್ದಳು. ಬಟ್ಟಲು ಕೆಳಗಿಟ್ಟು ಆಟೋ ಕರೆದೆ.

ಅದೇ ದವಾಖಾನೆಯಲ್ಲಿ ಸೇರಿಸಿಕೊಂಡರು. ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿದರು. ಮತ್ತೆ ರಕ್ತ ತೆಗೆದು ಲ್ಯಾಬಿಗೆ ಓಡಿದೆ. ಮೈಕ್ರೋಸ್ಕೋಪಿನಲ್ಲಿ ಪ್ಲೇಟ್‌ಲೆಟ್ ಎಣಿಸಲು ಕೂತರೆ ಕಣ್ಣಿಗೆ ಸಿಗುತ್ತಲೇ ಇಲ್ಲ. ಎಂಥೆಂಥವರ ರಕ್ತ ನೋಡಿದ್ದೇನೆ, ಒಮ್ಮೆ ಎಣಿಸಿದರೆ ಸಾಕಾಗುತ್ತಿತ್ತು. ಅಂದು ಮೂರು ಸಲ ಎಣಿಸಿದೆ. ಡಾಕ್ಟರು ಕಾಗದ ನೋಡಿ, "ಟೈಫಾಯ್ಡ್ ಅಂತ ಈಗ ಅನಸವಲ್ದು. ಡೆಂಗಿ ಮತ್ತೊಮ್ಮೆ ನೋಡೋಣ. ಕಮ್ಮಿ ಆಗ್ಲಿಲ್ಲಂದ್ರ ಹೈದರಾಬಾದಿಗೆ ಒಯ್ಯಬೇಕಾಗ್ತದ," ಅಂದರು. ಅಣ್ಣ ಹೊರಗಿನ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತವನು ಏಳಲೇ ಇಲ್ಲ.

ಮರುದಿನ ಬೆಳಿಗ್ಗೆ ವೈನಿಯ ಮೈ ಒರೆಸಲು ಕೂತೆ. ಒಂಬತ್ತು ದಿನದ ಬೆವರು. ನರ್ಸಮ್ಮ ಒರೆಸಲು ಬಂದರೆ ವೈನಿ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳಂತೆ. ಅಷ್ಟು ಜ್ವರದಲ್ಲೂ ಆಕೆಯ ಕೈಗೆ ನಾಚಿಕೆ ನೆನಪಿತ್ತು. ನಾನು ಪರದೆ ಎಳೆದೆ. "ನಾನೇ ಇದ್ದೇನಿ ವೈನಿ, ಬಿಡು," ಅಂದೆ. ಬಿಟ್ಟಳು. ಕುಪ್ಪಸದ ಗುಂಡಿ ಬಿಚ್ಚಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕುತ್ತಿಗೆ, ಹೆಗಲು, ಎದೆ ಒರೆಸುತ್ತ ಬಂದೆ. ಎಡ ಎದೆಯ ಕೆಳಗೆ, ಮಡಿಕೆಯ ಒಳಗೆ, ಒಂದು ಕಪ್ಪು ಕಲೆ ಇತ್ತು. ತೊಗರಿಕಾಳಿನಷ್ಟು. ಒಲೆಯ ಕಿಡಿ ಸಿಡಿದಿರಬೇಕು ಅಂದುಕೊಂಡು ಅದರ ಮೇಲೆ ಮೆಲ್ಲಗೆ ಬಟ್ಟೆ ಆಡಿಸಿ ಗುಂಡಿ ಹಾಕಿದೆ.

ಆ ಕಲೆಯ ಮಾತು ನನ್ನ ಬಾಯಿಂದ ಬಂದದ್ದು ಚಹಾ ಕುಡಿಯುವಾಗ.

ನಮ್ಮ ಲ್ಯಾಬಿಗೆ ದಿನಾ ಹನ್ನೊಂದು ಗಂಟೆಗೆ ಒಬ್ಬರು ಹಿರಿಯರು ಬರುತ್ತಿದ್ದರು. ಹಳೇ ಊರಿನವರು. ಮಲೇರಿಯಾ ಇಲಾಖೆಯಲ್ಲಿ ಸೊಳ್ಳೆ ಹಿಡಿಯುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಇಡೀ ಜಿಲ್ಲೆಯ ದನದ ಕೊಟ್ಟಿಗೆಗಳಲ್ಲಿ ಟಾರ್ಚು ಹಿಡಿದು ಗೋಡೆಗೆ ಕೂತ ಸೊಳ್ಳೆಗಳನ್ನು ಗಾಜಿನ ನಳಿಕೆಯಲ್ಲಿ ಬಾಯಿಂದ ಎಳೆದು ಹಿಡಿದವರು. ಮನೆಯಲ್ಲಿ ಕೂತರೆ ಕಾಲು ಹಿಡಿಯುತ್ತದೆ ಎಂದು ನಮ್ಮಲ್ಲಿ ಬಂದು ಪೇಪರ್ ಓದುತ್ತಿದ್ದರು. ಮೈಕ್ರೋಸ್ಕೋಪ್ ಖಾಲಿ ಇದ್ದರೆ ಅದರೊಳಗೆ ಒಮ್ಮೆ ಇಣುಕುತ್ತಿದ್ದರು. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ.

"ಹ್ಯಾಂಗಿದ್ದಾಳ ನಿಮ್ಮ ಭಾಬಿ?" ಎಂದು ಕೇಳಿದರು.

ನಾನು ಹೇಳತೊಡಗಿದೆ. ಹೇಳುತ್ತ ಹೇಳುತ್ತ ಅಳು ಬಂತು. ಒಂಬತ್ತು ದಿನ ಆಕೆ ಸರಿಯಾಗಿ ಸ್ನಾನ ಮಾಡಿಲ್ಲ, ಊಟ ಮಾಡಿಲ್ಲ, ಎಂದೋ ಅಡಿಗೆ ಮಾಡುವಾಗ ಸುಟ್ಟುಕೊಂಡಿದ್ದೂ ಯಾರಿಗೂ ಹೇಳಿಲ್ಲ ಅಂದೆ.

"ಎಲ್ಲಿ ಸುಟ್ಕೊಂಡಾಳ?"

ನಾನು ಹೇಳಲು ಹಿಂಜರಿದೆ. "ಎದಿ ಕೆಳಗ, ಚಾಚಾ."

"ಒಲಿ ಕಿಡಿ ಕುಬಸಾ ಬಿಟ್ಟು ಒಳಗ ಹೋಗಿ ಸುಡ್ತದನು?"

ನಾನು ಕಣ್ಣೊರೆಸಿಕೊಂಡು ಅವರ ಕಡೆ ನೋಡಿದೆ.

"ದರ್ದ್ ಅದನು? ಮುಟ್ಟಿದ್ರ ನೋಯ್ತದನು?"

"ಇಲ್ರಿ. ಅದರ ಮ್ಯಾಲ ಬಟ್ಟಿ ಆಡಿಸಿದೆ. ಆಕಿಗಿ ಗೊತ್ತೇ ಆಗ್ಲಿಲ್ಲ."

ಚಾಚಾ ಚಹಾದ ಕಪ್ಪನ್ನು ಪೇಪರಿನ ಮೇಲೇ ಇಟ್ಟು ಎದ್ದು ನಿಂತರು. "ನಡಿ ಬೇಟಿ. ಜಲ್ದಿ ನಡಿ."

ಆಟೋದಲ್ಲಿ ಅವರು ಒಂದೇ ಮಾತು ಹೇಳಿದರು. ನೌಕರಿಯ ಕೊನೆಯ ವರ್ಷಗಳಲ್ಲಿ ಅವರನ್ನು ಒಂದು ತರಬೇತಿಗೆ ಕಳಿಸಿದ್ದರಂತೆ. ಉಣ್ಣಿ, ಚಿಗಟ, ನುಸಿ, ಇವುಗಳಿಂದ ಹರಡುವ ಜ್ವರಗಳ ಪಾಠ. ಅಲ್ಲಿ ಗೋಡೆಯ ಮೇಲೆ ಒಂದು ಕಪ್ಪು ಕಲೆಯ ಚಿತ್ರ ತೋರಿಸಿದ್ದರಂತೆ. "ಆವತ್ತಿಂದ ಬೀದರ್ ಜಿಲ್ಲಾದಾಗ ಆ ದಾಗ್ ಹುಡುಕ್ಲಿಕತ್ತೇನಿ. ಯಾರೂ ತೋರ್ಸಿಲ್ಲ. ಯಾರು ತೋರಿಸ್ತಾರ? ಅದು ಕೂಡೂ ಜಾಗಾನೇ ಹಂಥಾದು."

ವಾರ್ಡಿನಲ್ಲಿ ಚಾಚಾ ಪರದೆಯ ಆಚೆ ಬೆನ್ನು ತಿರುಗಿಸಿ ನಿಂತರು. ನಾನು ಒಳಗೆ ಹೋಗಿ ವೈನಿಯ ಗುಂಡಿ ಬಿಚ್ಚಿ ಮೊಬೈಲಿನ ಬೆಳಕು ಹಿಡಿದೆ. ಅವರು ಅಲ್ಲಿಂದಲೇ ಕೇಳಿದರು.

"ನಡುವ ಹ್ಯಾಂಗದ?"

"ಕರ್ರಗ ಅದ ಚಾಚಾ. ಒಣಗಿದ ಚಕ್ಕಿ ಇದ್ದಂಗ."

"ಅಂಚಿಗಿ?"

"ಸುತ್ತ ಕೆಂಪಗ."

"ಬೀಡಿ ಚಟಕಾ ಕೊಟ್ಟಂಗ?"

"ಹೌದ್ರಿ. ಹಂಗೇ ಅದ."

"ಕೀವು?"

"ಇಲ್ಲ."

"ಮೆಲ್ಲಕ ಒತ್ತು. ನೋಯ್ತದೇನಂತ ಕೇಳು."

ಒತ್ತಿದೆ. "ನೋಯ್ತದೇನ ವೈನಿ?"

ವೈನಿ ಕಣ್ಣು ಅರ್ಧ ತೆರೆದು, "ಏನ್ ನೋಯ್ತದ?" ಅಂದಳು. ಅಲ್ಲಿ ಗಾಯವಿದೆ ಎಂಬುದೇ ಆಕೆಗೆ ಗೊತ್ತಿರಲಿಲ್ಲ.

"ಬಗಲಾಗ ಕೈ ಇಡು. ಗಂಟು ಅದನು?"

ಶೇಂಗಾ ಬೀಜದಂಥ ಗಂಟು ಬೆರಳಿಗೆ ಸಿಕ್ಕಿತು. ಹೇಳಿದೆ. ಪರದೆಯ ಆಚೆ ಚಾಚಾ "ಯಾ ಅಲ್ಲಾ," ಎಂದು ಸಣ್ಣಗೆ ಅಂದರು. "ಇದು ಅದೇ ಅದ, ಬೇಟಿ. ಡಾಕ್ಟರ್ ಸಾಹೇಬ್ರಿಗಿ ಕರಿ."

ಡಾಕ್ಟರು ಬಂದರು. ನಾನು ವೈನಿಯ ಕಿವಿಯಲ್ಲಿ ಹೇಳಿದೆ, ಒಂದು ಕ್ಷಣ ನೋಡುತ್ತಾರೆ, ನಾನು ಇಲ್ಲೇ ಇದ್ದೇನೆ ಅಂತ. ಚಾದರವನ್ನು ಹೇಗೆ ಹೊದಿಸಿದೆನೆಂದರೆ ಆ ಕಲೆ ಮತ್ತು ಅದರ ಸುತ್ತ ಎರಡು ಬೆರಳ ಅಗಲ ಬಿಟ್ಟು ಬೇರೇನೂ ಕಾಣಬಾರದು. ಡಾಕ್ಟರು ಬಗ್ಗಿ ನೋಡಿದರು. ಅವರ ಮುಖ ಬದಲಾದದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಸ್ಕ್ರಬ್ ಟೈಫಸ್," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಾನು ದಿನಾ ಇವರ ಎದಿ ಮ್ಯಾಲ ಸ್ಟೆತಾಸ್ಕೋಪ್ ಇಟ್ಟೇನಿ. ಸೀರಿ ಮ್ಯಾಲಿಂದ ಇಟ್ಟೇನಿ. ನೋಡೇ ಇಲ್ಲ ನೋಡ್ರಿ," ಅಂದರು. ಪರದೆಯಾಚೆ ಬಂದು ಚಾಚಾನನ್ನು ಕೇಳಿದರು: "ನೀವು ಯಾರ್ರೀ?"

"ನಾ ಸೊಳ್ಳಿ ಹಿಡಿಯಾಂವ್, ಸಾಹೇಬ್ರ," ಅಂದರು ಚಾಚಾ.

ಖಾತ್ರಿ ಮಾಡುವ ಪರೀಕ್ಷೆ ನಮ್ಮ ಲ್ಯಾಬಿನಲ್ಲಿ ಇರಲಿಲ್ಲ. ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಿದರು. ಉತ್ತರ ಬರುವ ತನಕ ಕಾಯುವುದು ಬೇಡ ಎಂದು ಡಾಕ್ಟರು ಆಗಲೇ ಔಷಧಿ ಬರೆದರು. ಡಾಕ್ಸಿ ಎಂಬ ಗುಳಿಗೆ. ಅದು ಎಲ್ಲ ಮೆಡಿಕಲ್ ಅಂಗಡಿಯಲ್ಲೂ ಸಿಗುವ ಹಳೆಯ, ಸಾದಾ ಗುಳಿಗೆ. ನಾನು ತಂದದ್ದನ್ನು ಅಣ್ಣ ಅಂಗೈಯಲ್ಲಿ ಹಿಡಿದು ನೋಡಿದ. "ಇಷ್ಟೇನ?" ಎಂದ. ಹೈದರಾಬಾದಿಗೆ ಒಯ್ಯುವ ಮಾತು ಕೇಳಿ ಕೂತವನಿಗೆ ಅದು ಔಷಧಿ ಎನಿಸಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ವೈನಿಯ ತಲೆಯನ್ನು ತೋಳಿನಲ್ಲಿ ಎತ್ತಿ ಹಿಡಿದು ನುಂಗಿಸಿದೆ.

ಡಾಕ್ಟರು ನನಗೆ ಬಿಡಿಸಿ ಹೇಳಿದರು. ಹುಲ್ಲಿನಲ್ಲಿರುವ ಸಣ್ಣ ನುಸಿ ಕಚ್ಚಿದ ಜಾಗವೇ ಆ ಕಲೆ; ಅಲ್ಲಿಂದ ಬಂದ ಈ ರೋಗಾಣು ನಮ್ಮ ಜೀವಕೋಶದ ಒಳಗೇ ಹೊಕ್ಕು ಅಲ್ಲೇ ಸಂಸಾರ ಮಾಡುತ್ತದೆ. ಐದು ದಿನ ಕೊಟ್ಟ ಆ ಇಂಜೆಕ್ಷನ್ ಅದರ ಮೇಲೆ ನಡೆಯುವುದಿಲ್ಲ. ಈ ಗುಳಿಗೆ ಒಳಗೆ ಹೋಗಿ ಹಿಡಿಯುತ್ತದೆ. "ನಾಡದು ನೋಡ್ರಿ," ಅಂದರು.

ನಾಡದಿನ ತನಕ ಕಾಯಬೇಕಾಗಲಿಲ್ಲ. ಮರುದಿನ ಮಧ್ಯಾಹ್ನ ಥರ್ಮಾಮೀಟರ್ ತೆಗೆದು ನೋಡಿದರೆ ನೂರರ ಹತ್ತಿರ ಇತ್ತು. ಕೆಟ್ಟಿದೆಯೇನೋ ಎಂದು ನರ್ಸಮ್ಮನದು ಇಸಿದುಕೊಂಡು ಇಟ್ಟೆ. ಅದೂ ಅಷ್ಟೇ ಹೇಳಿತು. ಸಂಜೆ ವೈನಿಯ ಕುತ್ತಿಗೆಯಲ್ಲಿ ಬೆವರು ಒಡೆಯಿತು. ಅದರ ಮರುದಿನ ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ವೈನಿ ಕಣ್ಣು ಬಿಟ್ಟು, ನನ್ನನ್ನು ನನ್ನ ಹೆಸರಿನಿಂದಲೇ ಕರೆದು, "ನೀ ಡ್ಯೂಟಿಗಿ ಹೋಗಿಲ್ಲೇನ?" ಎಂದು ಬೈದಳು. ಆಮೇಲೆ, "ಪುಂಡಿಪಲ್ಯಾ ರೊಟ್ಟಿ ತಿನಬೇಕನಸ್ತದ," ಅಂದಳು.

ನಾನು ಹೊರಗಿನ ಕಟ್ಟೆಗೆ ಬಂದು ಕೂತೆ. ಹತ್ತು ದಿನ ಒಂದು ಮನುಷ್ಯ ಜೀವವನ್ನು ಒಳಗಿನಿಂದ ಸುಟ್ಟದ್ದು, ಎರಡು ದಿನದ ಗುಳಿಗೆಗೆ ಹೀಗೆ ಎದ್ದು ಹೋಗುತ್ತದೆಯೇ? ಹದಿಮೂರು ವರ್ಷ ರಕ್ತ ನೋಡುವ ಕೆಲಸ ಮಾಡಿದ್ದೆ. ರೋಗ ಅಂದರೆ ಕಾಗದದ ಮೇಲಿನ ಒಂದು ಅಂಕಿ ಎಂದೇ ರೂಢಿಯಾಗಿಬಿಟ್ಟಿತ್ತು. ಅಂದು ಮೊದಲ ಸಲ ಆ ಅಂಕಿಗಳ ಹಿಂದೆ ಏನು ನಡೆಯುತ್ತದೆ ಎಂದು ಮೈ ಜುಮ್ಮೆಂದಿತು.

ಸಂಜೆ ವೈನಿಯ ಮುಂದೆ ಒಪ್ಪಿಕೊಂಡೆ. "ನಾ ತಪ್ಪು ಬರ್ದಿದ್ದೆ ವೈನಿ. ಟೈಫಾಯ್ಡ್ ಅಲ್ಲ ಅದು. ನನ್ನ ಕೈಯಾಗೇ ಐದು ದಿನ ಹಾಳಾದ್ವು."

"ನೀನೇ ಅಲ್ಲೇನು ಮೈ ಒರ್ಸಿ ಕಂಡಾಕಿ?" ಅಂದಳು. ಅಷ್ಟೇ. ಆ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ. ನಾನೇ ಆಗಾಗ ಎತ್ತಿಕೊಳ್ಳುತ್ತೇನೆ.

ದೊಡ್ಡ ಲ್ಯಾಬಿನಿಂದ ಉತ್ತರ ಬಂತು, ಅದೇ ರೋಗ ಅಂತ. ವೈನಿ ಊರಿಗೆ ಹೋದಳು. ಚಾಚಾ ಮಾತ್ರ ಸುಮ್ಮನಾಗಲಿಲ್ಲ. ದಿನಾ ಪೇಪರ್ ಮಡಚಿಟ್ಟು ಅದೇ ಮಾತು: "ಒಮ್ಮೆ ಚಿಂತಾಕಿಗಿ ಹೋಗಮು. ಆ ನುಸಿಗಿ ಚಿತ್ರದಾಗ ನೋಡೇನಿ, ಜೀವಂತ ನೋಡಿಲ್ಲ. ಸಾಯೂದ್ರಾಗ ಒಮ್ಮೆ ನೋಡಬೇಕು." ಅವರ ಕಣ್ಣಿನ ಹೊಳಪು ನೋಡಿದರೆ ಯಾವುದೋ ದೊಡ್ಡ ದರ್ಗಾಕ್ಕೆ ಹೊರಟವರ ಹಾಗಿತ್ತು. ಒಂದು ಭಾನುವಾರ ಹೊರಟೆವು. ಔರಾದ್ ತನಕ ಬಸ್ಸು, ಅಲ್ಲಿಂದ ಅಣ್ಣ ತಂದ ಟಂಟಂ ಆಟೋ.

ಆ ನುಸಿ ಇಲಿಯ ಮೈಮೇಲೇ ಹೆಚ್ಚು ಎಂದು ಚಾಚಾ ಮೊದಲೇ ಫೋನಿನಲ್ಲಿ ಅಣ್ಣನಿಗೆ ಪಾಠ ಹೇಳಿದ್ದರು. ಹಿಂದಿನ ದಿನ ಸಂಜೆ ಎರಡು ಇಲಿಬೋನಿನಲ್ಲಿ ಹುರಿದ ಶೇಂಗಾ, ಒಣಕೊಬ್ಬರಿ ಇಟ್ಟು ಹಳ್ಳದ ಬದುವಿನ ಮೇಲೆ ಇಡಬೇಕು, ಬರಿಗೈಯಲ್ಲಿ ಇಲಿ ಮುಟ್ಟಬಾರದು. ನಮಗೂ ಪ್ಯಾಂಟಿನ ಕಾಲನ್ನು ಸಾಕ್ಸಿನೊಳಗೆ ಸೇರಿಸಿ, ಕಾಲು ಕೈಗೆ ಕೀಟ ಬರದಂಥ ಎಣ್ಣೆ ಹಚ್ಚಿಸಿದರು. ಚೂಡಿದಾರದ ಕಾಲಿಗೆ ಗಂಡನ ಉದ್ದ ಸಾಕ್ಸ್ ಏರಿಸಿದ ನನ್ನನ್ನು ನೋಡಿ ಓಣಿಯ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು.

ಜಾಗ ತೋರಿಸಲು ವೈನಿಯೇ ಮುಂದೆ ನಡೆದಳು. ಕೂದಲು ಅರ್ಧ ಉದುರಿ ಜಡೆ ಇಲಿಬಾಲದಂತಾಗಿತ್ತು. ನೂರು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ನಮ್ಮ ಹೊಲ ಮುಗಿದು ಹಳ್ಳ ಶುರುವಾಗುವಲ್ಲಿ ಒಂದು ಬದು. ಬಾರಿಗಿಡದ ಕಂಟಿ, ಮೊಣಕಾಲುದ್ದ ಹುಲ್ಲು. ಎಮ್ಮೆಗೆ ಹುಲ್ಲು ಕೊಯ್ದು, ಹೊರೆ ಕಟ್ಟಿ, ಅದನ್ನು ಎದೆಗೆ ಒತ್ತಿ ಎತ್ತಿ ತಲೆಗೇರಿಸುವುದು ಅಲ್ಲೇ. "ಇಲ್ಲೇ ಕೂತು ಬುತ್ತಿ ಬಿಚ್ತೇನಿ ದಿನಾ," ಅಂದಳು. ನಾನು ಸಣ್ಣವಳಿದ್ದಾಗ ಆಕೆ ಕೊಯ್ಯುವಾಗ ನನ್ನನ್ನು ಕೂರಿಸುತ್ತಿದ್ದುದೂ ಅಲ್ಲೇ. ಬಾರಿಹಣ್ಣು ಆರಿಸಿ ತಿಂದು ಬೀಜ ಹಳ್ಳಕ್ಕೆ ಉಗುಳುತ್ತಿದ್ದೆ. ಅದೇ ಹುಲ್ಲು, ಅದೇ ನೆರಳು. ಅದೆಷ್ಟು ಸಲ ಬರಿಗಾಲಲ್ಲಿ ಓಡಾಡಿದ್ದೇನೋ.

ಚಾಚಾ ಚೀಲದಿಂದ ಕಪ್ಪು ಬಣ್ಣದ ಅಂಗೈ ಅಗಲದ ಟೈಲ್ಸ್ ತುಂಡುಗಳನ್ನು ತೆಗೆದು ಹುಲ್ಲಿನ ಬುಡದಲ್ಲಿ ಅಲ್ಲಲ್ಲಿ ನೆಲಕ್ಕೆ ಇಟ್ಟರು. "ಅವು ಸಣ್ಣ ಮಕ್ಕಳಿದ್ದಂಗ. ಏನರ ಸಿಕ್ಕೀತೇನಂತ ಹತ್ತಿ ನೋಡ್ತಾವ. ಸುಮ್ನ ನಿಂದ್ರು," ಅಂದರು. ನಾವು ನಿಂತೆವು. ಹಳ್ಳದಲ್ಲಿ ಸ್ವಲ್ಪ ನೀರಿನ ಸಪ್ಪಳ. ಸ್ವಲ್ಪ ಹೊತ್ತಾದ ಮೇಲೆ ಚಾಚಾ ಬಗ್ಗಿ ಭೂತಗನ್ನಡಿ ಹಿಡಿದು ಒಂದೊಂದೇ ನೋಡುತ್ತ ಬಂದರು. ನಾಲ್ಕನೆಯದರ ಹತ್ತಿರ ಅಲುಗಾಡದೆ ನಿಂತರು.

"ಬೇಟಿ."

ನಾನು ನೋಡಿದೆ. ಏನೂ ಕಾಣಲಿಲ್ಲ. ಮತ್ತೆ ನೋಡಿದೆ. ಕಪ್ಪಿನ ಮೇಲೆ ಅರಿಶಿನ ಕುಂಕುಮ ಕಲಸಿದ ಬಣ್ಣದ ಒಂದು ಚುಕ್ಕೆ. ಸೂಜಿಯ ಮೊನೆಗಿಂತ ಸಣ್ಣದು. ಅದು ನಡೆಯುತ್ತಿತ್ತು.

ಬೋನಿನಲ್ಲಿ ಒಂದು ಇಲಿಯೂ ಬಿದ್ದಿತ್ತು. ಚಾಚಾ ದಪ್ಪ ಕೈಗವಸು ಹಾಕಿ, ಅದನ್ನು ಬಟ್ಟೆಯ ಚೀಲಕ್ಕೆ ಇಳಿಸಿ, ಔಷಧಿ ಹಾಕಿದ ಹತ್ತಿಯಿಂದ ಮಂಪರು ಬರಿಸಿದರು. ಇಲಿಯ ಕಿವಿಯೊಳಗೆ ಬೆಳಕು ಬಿಟ್ಟಾಗ ಅಣ್ಣನೇ ಮೊದಲು "ಅಬಾಬಾ!" ಅಂದ. ಕಿವಿಯ ಮಡಿಕೆಯಲ್ಲಿ ಕೇಸರಿ ಬಣ್ಣದ ಹಿಟ್ಟು ತುಂಬಿದಂತೆ ಅವು ಒತ್ತೊತ್ತಾಗಿ ಕೂತಿದ್ದವು. ಸಣ್ಣ ಬ್ರಷ್‌ನಿಂದ ಕೆಲವನ್ನು ಶೀಶೆಗೆ ಬಿಡಿಸಿಕೊಂಡ ಮೇಲೆ ಚಾಚಾ ಇಲಿಗೆ ಎಚ್ಚರ ಬರುವ ತನಕ ಕಾದು ದೂರ ಬಿಟ್ಟರು.

ಅಣ್ಣನಿಗೆ ಸಿಟ್ಟು ಬಂತು. "ನಮ್ಮ ಬೆಳಿ ತಿನ್ನೂದಕ್ಕ ಜೀವದಾನ ಮಾಡ್ತೀರೇನ್ರಿ?"

"ಒಂದು ಇಲಿ ಕೊಂದ್ರ ಏನಾಗ್ತದ? ಇವು ಎಲ್ಲಿ ಹೋಗ್ತಾವ? ಮತ್ತೊಬ್ರ ಮೈ ಹುಡುಕ್ತಾವ," ಅಂದರು ಚಾಚಾ. "ಹುಲ್ಲು ಕೊಯ್ದು ಬದು ಬಯಲು ಮಾಡ್ರಿ. ಬಿಸಿಲು ಬಿದ್ರ ಇವಕ್ಕ ತಡಿಯಂಗಿಲ್ಲ."

ನಾನು ಬೀದರಿನಿಂದ ಲ್ಯಾಬಿನ ಹಳೆಯ ಮೈಕ್ರೋಸ್ಕೋಪನ್ನು ಮಾಲೀಕರನ್ನು ಕೇಳಿ ತಂದಿದ್ದೆ. ಅಂಗಳದ ಕಟ್ಟೆಯ ಮೇಲೆ ಇಟ್ಟು, ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದೆ. ಗಾಜಿನ ಕೆಳಗೆ ಅದು ಬಂತು. ದುಂಡು ಮೈ. ಆರು ಕಾಲು. ಮೈತುಂಬ ಗರಿಯಂಥ ಕೂದಲು, ಒಂದೊಂದು ಕೂದಲಿಗೂ ಕವಲು. ಇದನ್ನು ಯಾರು ಕೂತು ನೇಯ್ದರು ಅನಿಸುವಷ್ಟು ನಾಜೂಕು. ಎಷ್ಟೋ ಹೊತ್ತು ಕಣ್ಣು ತೆಗೆಯಲಾಗಲಿಲ್ಲ. ನನ್ನ ವೈನಿಯನ್ನು ಸಾವಿನ ಬಾಗಿಲ ತನಕ ಒಯ್ದದ್ದರ ಬಳಗದ ಮುಂದೆ ಕೂತು, ಚಂದ ಇದೆ ಅಂದುಕೊಳ್ಳುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

"ಇದರಾಗ ಆ ರೋಗ ಅದನೋ ಇಲ್ಲೋ, ನೋಡಿ ಹೇಳ್ಲಿಕ್ಕ ಬರಂಗಿಲ್ಲ," ಚಾಚಾ ಹೇಳಿದರು. "ಎಲ್ಲಾ ನುಸಿ ಒಂದೇ ಜಾತಿ ಅಲ್ಲ. ಆ ಜಾತಿ ಇದ್ರೂ ಎಲ್ಲಾದ್ರಾಗೂ ರೋಗ ಇರಂಗಿಲ್ಲ."

ವೈನಿ ಕಟ್ಟೆಯ ಹತ್ತಿರ ಬಂದಳು. ಒಂದು ಕಣ್ಣು ಮುಚ್ಚುವುದು ಹೇಗೆಂದು ಕಲಿಸಿದೆ. ನೋಡಿದಳು, ತಲೆ ಎತ್ತಿದಳು, ಮತ್ತೆ ನೋಡಿದಳು.

"ಇದು ಏನ್ ತಿಂತದ?"

ಚಾಚಾ ಬೇರೆ ಕಡೆ ಮುಖ ಮಾಡಿಯೇ ಹೇಳಿದರು. ಇದು ನುಸಿಯ ಮರಿ. ಜೀವನದಲ್ಲಿ ಒಂದೇ ಒಂದು ಸಲ ಬೆಚ್ಚಗಿನ ಮೈಯ ಮೇಲೆ ಹತ್ತಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಇಲಿಯ ಮೇಲೆ. ಮನುಷ್ಯ ಸಿಗುವುದು ಅದಕ್ಕೂ ಗೊತ್ತಿಲ್ಲದೆ. ಆಮೇಲೆ ನೆಲಕ್ಕೆ ಇಳಿದು, ದೊಡ್ಡದಾಗಿ, ಮಣ್ಣಿನೊಳಗೆ ಸಣ್ಣ ಹುಳುಗಳ ತತ್ತಿ ತಿಂದು ಬದುಕುತ್ತದೆ. ಮತ್ತೆ ಯಾರನ್ನೂ ಕಚ್ಚುವುದಿಲ್ಲ. ರೋಗಾಣು ಇದ್ದರೆ ಅದು ತಾಯಿಯ ಹೊಟ್ಟೆಯಿಂದ ತತ್ತಿಗೆ, ತತ್ತಿಯಿಂದ ಮರಿಗೆ ಹೋಗುತ್ತದೆ. ತಲೆತಲಾಂತರ ಹಾಗೇ.

"ಒಂದೇ ಸಲಾ?" ಅಂದಳು ವೈನಿ. "ಅದರ ಜನ್ಮದಾಗ ಒಂದೇ ಸಲಾ?"

"ಹೌ ಬಹೆನ್. ಒಂದೇ ಸಲಾ."

"ಆ ಒಂದ್ ಸಲಕ್ಕ ನನಗ ಆರಿಸ್ಕೊಂಡ್ತು ನೋಡು!" ಎಂದು ಆಕೆ ನಕ್ಕಳು. ಜ್ವರ ಬಂದ ಮೇಲೆ ಮೊದಲ ಸಲ ಎರಡು ಮನೆ ಆಚೆ ಕೇಳುವ ಹಾಗೆ ನಕ್ಕಳು. ಆಮೇಲೆ ಮತ್ತೆ ಗಾಜಿಗೆ ಕಣ್ಣು ಹಚ್ಚಿ, ದನಿ ತಗ್ಗಿಸಿ ಕೇಳಿದಳು: "ಇಂಥಾ ಬ್ಯಾನಿ ಹೊಟ್ಟ್ಯಾಗ ಇಟ್ಕೊಂಡು ತಿರಗ್ತದಲ್ಲ, ಇದಕ್ಕ ಜ್ವರಾ ಬರಂಗಿಲ್ಲೇನು?"

ಚಾಚಾ ಈಗ ಆಕೆಯ ಕಡೆ ತಿರುಗಿದರು.

"ನನಗ ಗೊತ್ತಿಲ್ಲ ಬಹೆನ್," ಅಂದರು. "ಇಷ್ಟು ವರ್ಷ ನೌಕ್ರಿ ಮಾಡ್ದೆ. ಈ ಪ್ರಶ್ನಾ ಯಾರೂ ಕೇಳಿದ್ದಿಲ್ಲ."

ಓಣಿಯ ಹೆಂಗಸರು ಸಾಲುಗಟ್ಟಿ ಬಂದು ನೋಡಿದರು. ಒಬ್ಬಾಕೆ ಕೈ ಮುಗಿದಳು, ಇನ್ನೊಬ್ಬಾಕೆ ಥೂ ಎಂದು ಉಗುಳಿದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಚಾಚಾ ರೊಟ್ಟಿ ಮುರಿಯದೆ ತಟ್ಟೆಯನ್ನೇ ನೋಡುತ್ತಿದ್ದರು. ಏನಾಯ್ತು ಎಂದು ಕೇಳಿದೆ. "ನಲವತ್ತು ವರ್ಷ ಗ್ವಾಡಿ ನೋಡ್ದೆ, ಮ್ವಾರಿ ನೋಡ್ದೆ. ಕಾಲಾಗಿನ ಹುಲ್ಲು ನೋಡಿದ್ದಿಲ್ಲ," ಅಂದರು. ಅವರ ದನಿಯಲ್ಲಿ ದುಃಖವಿರಲಿಲ್ಲ. ಏನೋ ದೊಡ್ಡ ಇನಾಮು ಸಿಕ್ಕವರ ಹಾಗೆ ಇದ್ದರು.

ವೈನಿ ಪೂರ್ತಿ ಸುಧಾರಿಸಲು ಯುಗಾದಿಯ ತನಕ ಹಿಡಿಯಿತು. ಈಗ ಹುಲ್ಲಿಗೆ ಹೋಗುವಾಗ ಸೀರೆಯ ಮೇಲೆ ಅಣ್ಣನ ತುಂಬುತೋಳಿನ ಅಂಗಿ ಹಾಕುತ್ತಾಳೆ. ಬಂದ ಕೂಡಲೇ ಉಟ್ಟ ಬಟ್ಟೆ ಬಿಸಿನೀರಿಗೆ ಹಾಕಿ, ಮೈ ತಿಕ್ಕಿ ಸ್ನಾನ ಮಾಡಿಯೇ ಒಳಗೆ ಕಾಲಿಡುವುದು. ಮೊದಲು ನಕ್ಕ ಹೆಂಗಸರಲ್ಲಿ ನಾಲ್ಕಾರು ಮಂದಿ ಈಗ ಗಂಡಂದಿರ ಅಂಗಿ ತೊಟ್ಟೇ ಹೊಲಕ್ಕೆ ಹೋಗುತ್ತಾರಂತೆ.

ನಾನು ಕೆಲಸದಲ್ಲಿ ಒಂದನ್ನು ಬದಲಿಸಿಕೊಂಡೆ. ಐದು ದಿನ ದಾಟಿದ ಜ್ವರದ ಹೆಂಗಸರು ರಕ್ತ ಕೊಡಲು ಬಂದರೆ, ಸೂಜಿ ಹಿಡಿಯುವ ಮೊದಲು ಒಳಗಿನ ಕೋಣೆಗೆ ಕರೆದುಕೊಂಡು ಬಾಗಿಲು ಹಾಕುತ್ತೇನೆ. "ಮೈಮ್ಯಾಲ ಎಲ್ಲೆರ ಕರೇ ಕಲೆ ಅದೇನ್ರಿ? ನೋಯಂಗಿಲ್ಲ ಅದು, ನಿಮಗ ಗೊತ್ತಿರಂಗಿಲ್ಲ. ನಾ ನೋಡ್ಲೇನು?" ಎಂದು ಕೇಳುತ್ತೇನೆ. ಹೆಚ್ಚಿನವರಲ್ಲಿ ಏನೂ ಇರುವುದಿಲ್ಲ. ಕೆಲವರು ಸಿಟ್ಟಾಗಿ ಎದ್ದು ಹೋಗುತ್ತಾರೆ. ನನಗೂ ಕೆಲವೊಮ್ಮೆ ಅನಿಸುತ್ತದೆ, ಇದು ನನ್ನ ಕೆಲಸವೇ ಎಂದು.

ಹೋದ ಮಳೆಗಾಲ ಮುಗಿದ ಮೇಲೆ ಕಮಲನಗರದಿಂದ ಒಬ್ಬಾಕೆ ಬಂದಳು. ಸಣ್ಣ ವಯಸ್ಸು. ಗಂಡ ಮರಾಠಿ ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಿದ್ದ, ಗಾಬರಿಯಲ್ಲಿ ಯಾವುದು ಯಾವುದೆಂದು ಆತನಿಗೇ ತಿಳಿಯುತ್ತಿರಲಿಲ್ಲ. ಏಳು ದಿನದ ಜ್ವರ. ಬಾಗಿಲು ಹಾಕಿ ನೋಡಿದೆ. ಎದೆ, ಬಗಲು, ಸೊಂಟ, ಎಲ್ಲೂ ಇರಲಿಲ್ಲ. ಬಿಡೋಣ ಅನ್ನುವಷ್ಟರಲ್ಲಿ ಆಕೆ ಬೆವರು ಒರೆಸಿಕೊಳ್ಳಲು ಜಡೆಯನ್ನು ಮುಂದೆ ಎಳೆದುಕೊಂಡಳು. ಕಿವಿಯ ಹಿಂದೆ, ಕೂದಲು ಶುರುವಾಗುವಲ್ಲಿ, ಕಪ್ಪು ಚಕ್ಕೆ, ಸುತ್ತ ಕೆಂಪು. ಬೆರಳಿಟ್ಟು ಒತ್ತಿದೆ. ಆಕೆಗೆ ಗೊತ್ತೇ ಆಗಲಿಲ್ಲ.

ಚೀಟಿಯಲ್ಲಿ ಕಂಡದ್ದನ್ನು ಬರೆದು, ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ಅವರು, "ಈಗಿಂದೀಗ ಕಳಸ್ರಿ," ಅಂದರು. ಗಂಡ ಆಕೆಯನ್ನು ಕೈ ಹಿಡಿದು ಮೆಟ್ಟಿಲಿಳಿಸಿಕೊಂಡು ಹೋದ. ಮೂರನೇ ದಿನ ಮಧ್ಯಾಹ್ನ ಲ್ಯಾಬಿಗೆ ಫೋನ್ ಬಂತು. ಆತನೇ.

"ಮೇಡಂ, ಉಪ್ಪಿಟ್ಟಿನ್ಯಾಗ ಉಪ್ಪ ಕಮ್ಮಿ ಅದಂತ ನಮ್ಮಾಕಿ ನಮ್ಮವ್ವನ ಜೋಡಿ ಜಗಳಾ ತಗದಾಳ್ರಿ," ಎಂದ. ಹೇಳುತ್ತಲೇ ನಗತೊಡಗಿದ, ನಗು ನಿಲ್ಲಿಸಲು ಆತನಿಗೆ ಬಹಳ ಹೊತ್ತು ಹಿಡಿಯಿತು.